ಒಂಬತ್ತು ಚೆಂಡು, ಮೂವತ್ತು ಸೆಕೆಂಡು

ನೀಲಿ ಬಟ್ಟೆ ಹೊದಿಸಿದ ಮೇಜಿನ ಮೇಲೆ ಉಳಿದಿರುವುದು ನಾಲ್ಕೇ ಚೆಂಡು. ಆಟಗಾರ ಮೇಜಿನ ಸುತ್ತ ಒಂದು ಸುತ್ತು ಬರುತ್ತಾನೆ. ಕ್ಯೂ ತುದಿಗೆ ಚಾಕ್ ಉಜ್ಜುತ್ತಾನೆ. ಬಾಗುತ್ತಾನೆ, ಗುರಿ ಹಿಡಿಯುತ್ತಾನೆ. ಇನ್ನೇನು ಹೊಡೆದೇಬಿಟ್ಟ ಎನ್ನುವಷ್ಟರಲ್ಲಿ ತಲೆಯಾಡಿಸಿ ಎದ್ದು ನಿಲ್ಲುತ್ತಾನೆ! ಮತ್ತೆ ಪ್ರದಕ್ಷಿಣೆ, ಮತ್ತೆ ಚಾಕ್, ಮತ್ತೆ ಗುರಿ. ಸುತ್ತ ಕುಳಿತವರು ಕೆಮ್ಮುತ್ತಾರೆ, ಗಡಿಯಾರ ನೋಡಿಕೊಳ್ಳುತ್ತಾರೆ. ಟಿ.ವಿ. ಮುಂದೆ ಕುಳಿತವರ ಕೈ ರಿಮೋಟ್ ಹುಡುಕುತ್ತದೆ. ಕೊನೆಗೂ ಚೆಂಡು ಪಾಕೆಟ್ ಸೇರುತ್ತದೆ. ಹೊಡೆತಕ್ಕೆ ಬೇಕಾದದ್ದು ಒಂದು ಸೆಕೆಂಡಿಗಿಂತ ಕಡಿಮೆ. ಅದರ ಪೂರ್ವಸಿದ್ಧತೆಗೆ ಒಂದೂವರೆ ನಿಮಿಷ!

‘ನೈನ್‌ಬಾಲ್ ಪೂಲ್’ ಆಟದ ವೃತ್ತಿಪರ ಪಂದ್ಯಾವಳಿಗಳನ್ನು ನೋಡುವವರು ಮತ್ತೆ ಮತ್ತೆ ಎತ್ತುವ ದೂರು ಇದು. ಆಟ ಚೆನ್ನ, ಆಟಗಾರರ ಕೈಚಳಕ ಅದಕ್ಕಿಂತ ಚೆನ್ನ; ಆದರೆ ಕೆಲವರ ಆಮೆನಡಿಗೆಯನ್ನು ಸಹಿಸುವುದು ಹೇಗೆ?

ನಿಧಾನವೇ ಪ್ರಧಾನ ಎಂದು ಹಿರಿಯರು ಹೇಳಿಕೊಟ್ಟಿದ್ದಾರೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯೂ ಉಂಟು. ಹಾಗಿರುವಾಗ ಯೋಚಿಸಿ ಆಡುವವನದು ತಪ್ಪೇ? ಲಕ್ಷಗಟ್ಟಲೆ ರೂಪಾಯಿ ಬಹುಮಾನ ಒಂದೇ ಹೊಡೆತದ ಮೇಲೆ ನಿಂತಿರುವಾಗ ಅವನನ್ನು ಅವಸರಪಡಿಸುವುದು ನ್ಯಾಯವೇ? ಪರೀಕ್ಷೆಯ ಕೋಣೆಯಲ್ಲಿ ಗಡಿಯಾರದೊಡನೆ ಗುದ್ದಾಡುವ ವಿದ್ಯಾರ್ಥಿಗಳಿಗೂ, ‘ಅವಸರ ಮಾಡಬೇಡ, ಆದರೆ ಬೇಗ ಮುಗಿಸು’ ಎಂದು ಒಂದೇ ಉಸಿರಿನಲ್ಲಿ ಹೇಳುವ ತಂದೆತಾಯಿಗಳಿಗೂ ಈ ಪ್ರಶ್ನೆ ಹೊಸದೇನಲ್ಲ.

ಆಟದ ಒಳಗುಟ್ಟು

ನೈನ್‌ಬಾಲ್‌ನ ನಿಯಮ ಕಲಿಯಲು ಐದು ನಿಮಿಷ ಸಾಕು. ಒಂಬತ್ತು ಅಡಿ ಉದ್ದ, ನಾಲ್ಕೂವರೆ ಅಡಿ ಅಗಲದ ಮೇಜು, ಆರು ಪಾಕೆಟ್. 1ರಿಂದ 9ರವರೆಗೆ ಅಂಕಿ ಬರೆದ ಒಂಬತ್ತು ಬಣ್ಣದ ಚೆಂಡುಗಳನ್ನು ವಜ್ರದಾಕಾರದಲ್ಲಿ ಜೋಡಿಸುತ್ತಾರೆ. ತುದಿಯಲ್ಲಿ 1, ನಟ್ಟನಡುವೆ ಹಳದಿ ಪಟ್ಟೆಯ 9. ಬಿಳಿ ಚೆಂಡಿನಿಂದ ಈ ಗುಂಪನ್ನು ಚದುರಿಸುವುದಕ್ಕೆ ‘ಬ್ರೇಕ್’ ಎಂದು ಹೆಸರು. ಅಲ್ಲಿಂದ ಮುಂದೆ ಬಿಳಿ ಚೆಂಡು ಪ್ರತಿ ಸಲವೂ ಮೇಜಿನ ಮೇಲಿರುವ ಅತಿ ಸಣ್ಣ ಅಂಕಿಯ ಚೆಂಡನ್ನೇ ಮೊದಲು ಮುಟ್ಟಬೇಕು. ಹಾಗೆ ಮುಟ್ಟಿದ ನಂತರ ಯಾವ ಚೆಂಡು ಪಾಕೆಟ್‌ಗೆ ಬಿದ್ದರೂ ಆಟ ಮುಂದುವರಿಯುತ್ತದೆ. 9ನೇ ಚೆಂಡನ್ನು ನಿಯಮಬದ್ಧವಾಗಿ ಬೀಳಿಸಿದವನಿಗೆ ಆ ಆಟ. ಒಂದು ಆಟಕ್ಕೆ ‘ರ‍್ಯಾಕ್’ ಎನ್ನುತ್ತಾರೆ. ಮೊದಲು 9 ಅಥವಾ 11 ರ‍್ಯಾಕ್ ಗೆದ್ದವನಿಗೆ ಪಂದ್ಯ.

ತಪ್ಪು ಮಾಡಿದರೆ ಶಿಕ್ಷೆ ಕಠಿಣ. ಎದುರಾಳಿ ಬಿಳಿ ಚೆಂಡನ್ನು ಕೈಯಲ್ಲಿ ಎತ್ತಿ ಮೇಜಿನ ಮೇಲೆ ತನಗೆ ಬೇಕಾದ ಜಾಗದಲ್ಲಿ ಇಟ್ಟುಕೊಂಡು ಆಡಬಹುದು. ನುರಿತವನಿಗೆ ಇದು ತಟ್ಟೆಯಲ್ಲಿಟ್ಟು ಕೊಟ್ಟ ಊಟ. ಆದ್ದರಿಂದಲೇ ಹೊಡೆಯಲು ದಾರಿ ಕಾಣದಾಗ ಆಟಗಾರ ‘ಸೇಫ್ಟಿ’ ಆಡುತ್ತಾನೆ. ಎಂದರೆ, ಬಿಳಿ ಚೆಂಡನ್ನು ಬೇರೊಂದು ಚೆಂಡಿನ ಮರೆಗೆ ತಳ್ಳಿ, ಎದುರಾಳಿಗೆ ಗುರಿಯೇ ಕಾಣದಂತೆ ಮಾಡುತ್ತಾನೆ.

ಚೆಂಡನ್ನು ಪಾಕೆಟ್‌ಗೆ ಹಾಕುವುದು ಇಲ್ಲಿ ಅರ್ಧ ವಿದ್ಯೆ ಮಾತ್ರ. 3ನ್ನು ಹೊಡೆದ ಬಿಳಿ ಚೆಂಡು ಎಲ್ಲಿ ನಿಂತರೆ 4 ಸಿಗುತ್ತದೆ, 4ನ್ನು ಯಾವ ಕೋನದಿಂದ ಹೊಡೆದರೆ 5ರ ಕಡೆಗೆ ಸಾಗಬಹುದು ಎಂದು ಮೂರು ಹೆಜ್ಜೆ ಮುಂದಿನ ಲೆಕ್ಕ ಬೇಕು. ಬಿಳಿ ಚೆಂಡಿನ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಹೊಡೆದು ಅದಕ್ಕೆ ತಿರುಗು ಕೊಡಬೇಕು. ನೋಡುಗನಿಗೆ ಚೆಂಡು ಬಿದ್ದದ್ದು ಕಾಣುತ್ತದೆ. ಬಲ್ಲವನಿಗೆ ಬಿಳಿ ಚೆಂಡು ನಿಂತ ಜಾಗ ಕಾಣುತ್ತದೆ. ಹೀಗಾಗಿ ಯೋಚನೆ ಎಂಬುದು ಆಟದ ಹೊರಗಿನ ಸಂಗತಿಯಲ್ಲ, ಆಟವೇ ಅದು. ತಕರಾರು ಇರುವುದು ಯೋಚನೆಯ ಬಗ್ಗೆ ಅಲ್ಲ. ಯೋಚನೆ ಮುಗಿದ ಮೇಲೂ ಮುಗಿಯದ ಅನುಮಾನದ ಬಗ್ಗೆ.

ಸೆಕೆಂಡುಗಳ ಲೆಕ್ಕ

ಹತ್ತು ಹದಿನೈದು ಸೆಕೆಂಡಿನಿಂದ ಏನು ಮಹಾ ನಷ್ಟ ಎನ್ನುವವರು ಒಂದು ಸರಳ ಲೆಕ್ಕ ಮಾಡಬಹುದು. 11 ರ‍್ಯಾಕ್‌ಗಳ ಪಂದ್ಯ 11-10ರಲ್ಲಿ ಮುಗಿಯಿತೆನ್ನಿ. ಒಟ್ಟು 21 ರ‍್ಯಾಕ್. ರ‍್ಯಾಕ್‌ಗೆ ಹತ್ತು ಹೊಡೆತ ಎಂದು ಹಿಡಿದರೆ 210 ಹೊಡೆತ. ಒಂದೊಂದಕ್ಕೆ 20 ಸೆಕೆಂಡು ತೆಗೆದುಕೊಂಡರೆ 4,200 ಸೆಕೆಂಡು, ಎಂದರೆ 70 ನಿಮಿಷ. ಅದೇ 35 ಸೆಕೆಂಡು ತೆಗೆದುಕೊಂಡರೆ 7,350 ಸೆಕೆಂಡು, ಎರಡು ಗಂಟೆಗೂ ಮೇಲೆ! ಹೊಡೆತಕ್ಕೆ ಬರೀ 15 ಸೆಕೆಂಡು ಹೆಚ್ಚಿದರೆ ಪಂದ್ಯ 52 ನಿಮಿಷಕ್ಕಿಂತ ಹೆಚ್ಚು ಉದ್ದವಾಗುತ್ತದೆ. ಹನಿ ಹನಿ ಕೂಡಿದರೆ ಹಳ್ಳ ಎನ್ನುವುದು ಹೀಗೆ.

ಕಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ದೊಡ್ಡ ಪಂದ್ಯಾವಳಿಗಳಲ್ಲಿ ನೂರಕ್ಕೂ ಹೆಚ್ಚು ಆಟಗಾರರಿರುವುದುಂಟು. ಅನೇಕ ಕಡೆ ಎರಡು ಸಲ ಸೋತ ಮೇಲಷ್ಟೇ ಮನೆಗೆ ಹೋಗುವ ಪದ್ಧತಿ. ಮೊದಲ ಸೋಲು ಕಂಡವನು ಇನ್ನೊಂದು ಸಾಲಿಗೆ ಸೇರಿ, ಒಂದಾದ ಮೇಲೊಂದು ಪಂದ್ಯ ಆಡುತ್ತಾ ಮೇಲೆ ಬರಬೇಕು. ಒಂದು ಮೇಜಿನಲ್ಲಿ ಆಟ ತೆವಳಿದರೆ ಅದೇ ಮೇಜಿಗೆ ಕಾದಿರುವ ಇಬ್ಬರು ಹೊರಗೆ ನಿಲ್ಲಬೇಕು. ಮೇಲಿನ ಲೆಕ್ಕದಂತೆ ಒಂದೇ ಮೇಜಿನಲ್ಲಿ ಮೂರು ಪಂದ್ಯ ನಿಧಾನವಾದರೆ ಎರಡೂವರೆ ಗಂಟೆಗೂ ಹೆಚ್ಚು ವಿಳಂಬ. ಬೆಳಗಿನ ಮೊದಲ ಬಸ್ಸು ತಡವಾದರೆ ಸಂಜೆಯ ಕೊನೆಯ ಬಸ್ಸಿನವರೆಗೂ ಎಲ್ಲವೂ ಏರುಪೇರಾಗುವುದಿಲ್ಲವೇ, ಹಾಗೆ. ಸಂಜೆಗೆ ನಿಗದಿಯಾದ ಪಂದ್ಯ ರಾತ್ರಿ ಶುರುವಾಗುತ್ತದೆ. ಟಿಕೆಟ್ ಕೊಂಡು ಬಂದವರಲ್ಲಿ ಅರ್ಧ ಜನ ಅಷ್ಟರಲ್ಲಿ ಮನೆ ಸೇರಿರುತ್ತಾರೆ.

ಕುರ್ಚಿಯ ಶಿಕ್ಷೆ

ಟೆನಿಸ್‌ನಲ್ಲಿ ಎದುರಾಳಿ ಹೊಡೆದ ಚೆಂಡನ್ನು ಹಿಂದಿರುಗಿಸಬಹುದು. ಕ್ರಿಕೆಟ್‌ನಲ್ಲಿ ಬ್ಯಾಟ್ಸ್‌ಮನ್ ಎಷ್ಟೇ ಕಾಡಿದರೂ ಮುಂದಿನ ಚೆಂಡು ಬೌಲರ್ ಕೈಯಲ್ಲಿರುತ್ತದೆ. ಪೂಲ್‌ನಲ್ಲಿ ಹಾಗಲ್ಲ. ಒಬ್ಬ ಆಡುತ್ತಿರುವಷ್ಟು ಹೊತ್ತೂ ಇನ್ನೊಬ್ಬ ಮೂಲೆಯ ಕುರ್ಚಿಯಲ್ಲಿ ಕೂತಿರಬೇಕು. ಏಳುವಂತಿಲ್ಲ, ಮಾತಾಡುವಂತಿಲ್ಲ. 1996ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಅರ್ಲ್ ಸ್ಟ್ರಿಕ್ಲೆಂಡ್ ಸತತ ಹತ್ತು ರ‍್ಯಾಕ್‌ಗಳನ್ನು ಎದುರಾಳಿಗೆ ಅವಕಾಶವನ್ನೇ ಕೊಡದೆ ಮುಗಿಸಿ ಹತ್ತು ಲಕ್ಷ ಡಾಲರ್ ಬಹುಮಾನಕ್ಕೆ ಹಕ್ಕುದಾರರಾದರು. ಆ ಹೊತ್ತಿನಲ್ಲಿ ಎದುರಾಳಿಗಿದ್ದ ಕೆಲಸ ಒಂದೇ: ಕೂತು ನೋಡುವುದು.

ಚೆನ್ನಾಗಿ, ಲಯವಾಗಿ ಆಡುವವನ ಎದುರು ಕೂರುವುದು ಬೇರೆ. ಚೆಂಡಿಗೊಂದು ಯುಗ ಮಾಡುವವನ ಎದುರು ಕೂರುವುದು ಬೇರೆ. ತೋಳು ಬಿಗಿಯುತ್ತದೆ, ಕಣ್ಣಿನ ಅಂದಾಜು ಮಂಕಾಗುತ್ತದೆ, ಮನಸ್ಸು ಎಲ್ಲೋ ಅಲೆಯುತ್ತದೆ. ಇಪ್ಪತ್ತು ನಿಮಿಷದ ಮೇಲೆ ಅವಕಾಶ ಸಿಕ್ಕಾಗ ಸುಲಭದ ಚೆಂಡೂ ತಪ್ಪುತ್ತದೆ. ಇದನ್ನು ತಿಳಿದೇ ಬೇಕೆಂದು ನಿಧಾನಿಸುವವರೂ ಇಲ್ಲದಿಲ್ಲ. ಎದುರಾಳಿಯ ಏಕಾಗ್ರತೆ ಕೆಡಿಸುವ ಇಂಥ ಚೇಷ್ಟೆಗಳಿಗೆ ಪೂಲ್ ಲೋಕದಲ್ಲಿ ‘ಶಾರ್ಕಿಂಗ್’ ಎಂದೇ ಹೆಸರು. ನಿಧಾನ ಸ್ವಭಾವವೋ ಉಪಾಯವೋ ಎಂದು ಹೊರಗಿನವರು ಹೇಳುವುದಾದರೂ ಹೇಗೆ?

ನಿಯಮ ಏನನ್ನುತ್ತದೆ?

ವರ್ಲ್ಡ್ ಪೂಲ್ ಬಿಲಿಯರ್ಡ್ ಅಸೋಸಿಯೇಷನ್‌ನ ನಿಯಮಾವಳಿಯಲ್ಲಿ ನಿಧಾನಗತಿಯ ಆಟಕ್ಕೆಂದೇ ಒಂದು ಕಲಮು ಇದೆ. ಆಟಗಾರ ತೀರಾ ನಿಧಾನ ಮಾಡುತ್ತಿದ್ದಾನೆಂದು ರೆಫರಿಗೆ ಅನ್ನಿಸಿದರೆ ಮೊದಲು ಬುದ್ಧಿಮಾತು. ಅದಕ್ಕೂ ಬಗ್ಗದಿದ್ದರೆ ‘ಶಾಟ್ ಕ್ಲಾಕ್’, ಅಂದರೆ ಪ್ರತಿ ಹೊಡೆತಕ್ಕೂ ಇಂತಿಷ್ಟೇ ಸೆಕೆಂಡು ಎಂಬ ಗಡಿಯಾರ. ಅವಧಿ ಮೀರಿದರೆ ಫೌಲ್. ಬಿಳಿ ಚೆಂಡು ಎದುರಾಳಿಯ ಕೈಗೆ. ಗಮನಿಸಬೇಕಾದ ಸಂಗತಿಯೆಂದರೆ ಗಡಿಯಾರ ಬಂದರೆ ಅದು ಇಬ್ಬರಿಗೂ ಅನ್ವಯ, ನಿಧಾನಿಸಿದವನಿಗೆ ಮಾತ್ರವಲ್ಲ.

ಕಾಗದದ ಮೇಲೆ ಇದು ಸರಿ. ಆದರೆ ಮೊದಲ ಸುತ್ತುಗಳಲ್ಲಿ ಪ್ರತಿ ಮೇಜಿಗೂ ಒಬ್ಬೊಬ್ಬ ರೆಫರಿ ಇರುವುದು ಅಪರೂಪ. ದೂರು ಕೊಡಬೇಕಾದವನು ಕುರ್ಚಿಯಲ್ಲಿ ಕೂತ ಎದುರಾಳಿಯೇ. ದೂರು ಕೊಟ್ಟರೆ ಜಗಳಗಂಟ ಎನ್ನಿಸಿಕೊಳ್ಳಬೇಕು, ತನ್ನ ಮನಸ್ಸನ್ನೂ ಕದಡಿಕೊಳ್ಳಬೇಕು. ಸುಮ್ಮನಿದ್ದರೆ ಆಟ ಕಳೆದುಕೊಳ್ಳಬೇಕು. ಬಿಸಿ ತುಪ್ಪ ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಇದಕ್ಕೆ ಪರಿಹಾರವಾಗಿ ಕೆಲವು ಪಂದ್ಯಾವಳಿಗಳು ದೂರಿಗೆ ಕಾಯದೆ ಮೊದಲ ಹೊಡೆತದಿಂದಲೇ ಗಡಿಯಾರವನ್ನು ತಂದಿವೆ. 1994ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ, ಅಮೆರಿಕ ಮತ್ತು ಯುರೋಪ್ ತಂಡಗಳ ನಡುವಿನ ‘ಮೋಸ್ಕೋನಿ ಕಪ್’ ಇದಕ್ಕೆ ಹೆಸರುವಾಸಿ. ಇಲ್ಲಿ ಹೊಡೆತಕ್ಕೆ 30 ಸೆಕೆಂಡು. ಕ್ಲಿಷ್ಟವಾದ ಸನ್ನಿವೇಶಕ್ಕೆಂದು ಒಂದು ರ‍್ಯಾಕ್‌ಗೆ ಒಂದು ಬಾರಿ ಹೆಚ್ಚುವರಿ ಸಮಯ ಕೇಳಿ ಪಡೆಯಬಹುದು. ಆ ಒಂದು ಅವಕಾಶವನ್ನು ಯಾವಾಗ ಬಳಸುವುದು ಎಂಬುದೂ ಆಟದ ಜಾಣ್ಮೆಯೇ ಆಯಿತು! ಪ್ರೇಕ್ಷಕರು ಕೂಗುತ್ತಾರೆ, ಸೆಕೆಂಡುಗಳು ಇಳಿಯುತ್ತವೆ, ಆಟಗಾರ ಬಾಗುತ್ತಾನೆ. ಅನುಮಾನಕ್ಕೆ ಆಸ್ಪದವಿಲ್ಲ. ನೋಡುವವರಿಗಂತೂ ಹಬ್ಬ.

ಗಡಿಯಾರ ಉಳಿಸಿದ ಆಟಗಳು

ಆಟಕ್ಕೆ ಗಡಿಯಾರ ಕಟ್ಟುವುದು ಪೂಲ್‌ನವರ ಹೊಸ ಆವಿಷ್ಕಾರವಲ್ಲ. ಚದುರಂಗದಲ್ಲಿ 1851ರ ಲಂಡನ್ ಪಂದ್ಯಾವಳಿಗೆ ಕಾಲಮಿತಿಯೇ ಇರಲಿಲ್ಲ. ಎಲಿಜಾ ವಿಲಿಯಮ್ಸ್ ಎಂಬ ಆಟಗಾರನ ನಿಧಾನಗತಿ ಎದುರಾಳಿಗಳನ್ನು ಕಂಗೆಡಿಸಿತ್ತು. 1883ರ ಲಂಡನ್ ಪಂದ್ಯಾವಳಿಯ ಹೊತ್ತಿಗೆ ಇಬ್ಬರು ಆಟಗಾರರ ಸಮಯವನ್ನೂ ಬೇರೆಬೇರೆಯಾಗಿ ಎಣಿಸುವ ಜೋಡಿ ಗಡಿಯಾರ ಬಂತು. ಅದರಿಂದ ಚದುರಂಗ ಬುದ್ಧಿಗೇಡಿ ಆಟವಾಗಲಿಲ್ಲ. ವಿಶ್ವನಾಥನ್ ಆನಂದ್ ಹೆಸರು ಮಾಡಿದ್ದೇ ಮಿಂಚಿನ ವೇಗದ ಆಟದಿಂದ. 1988ರಲ್ಲಿ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದವರು ಅವರು.

ಬ್ಯಾಸ್ಕೆಟ್‌ಬಾಲ್‌ನ ಕಥೆ ಇನ್ನೂ ಸ್ವಾರಸ್ಯ. 1950ರ ನವೆಂಬರ್ 22ರಂದು ಅಮೆರಿಕದ ವೃತ್ತಿಪರ ಲೀಗ್‌ನಲ್ಲಿ ಫೋರ್ಟ್ ವೇಯ್ನ್ ತಂಡ ಮಿನಿಯಾಪೊಲಿಸ್ ತಂಡವನ್ನು ಸೋಲಿಸಿತು. ಅಂಕ ಎಷ್ಟು ಗೊತ್ತೇ? 19-18! ಬುಟ್ಟಿಗೆ ಎಸೆಯುವ ಗೋಜಿಗೇ ಹೋಗದೆ ಚೆಂಡನ್ನು ಹಿಡಿದಿಟ್ಟುಕೊಂಡು ಕಾಲ ಕಳೆದದ್ದರ ಫಲ ಇದು. ಸಿರಾಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಯಸೋನ್ ಕಾಗದ ಪೆನ್ಸಿಲ್ ಲೆಕ್ಕ ಮಾಡಿದರು. ಆಟ 48 ನಿಮಿಷ, ಅಂದರೆ 2,880 ಸೆಕೆಂಡು. ಒಳ್ಳೆಯ ಪಂದ್ಯದಲ್ಲಿ ಎರಡೂ ತಂಡ ಸೇರಿ ಸುಮಾರು 120 ಸಲ ಬುಟ್ಟಿಗೆ ಎಸೆಯುತ್ತವೆ. ಭಾಗಿಸಿದರೆ 24. ಹೀಗೆ 1954ರಲ್ಲಿ 24 ಸೆಕೆಂಡಿನ ನಿಯಮ ಹುಟ್ಟಿತು. ಹಿಂದಿನ ವರ್ಷ ಪಂದ್ಯವೊಂದಕ್ಕೆ ತಂಡ ಗಳಿಸುತ್ತಿದ್ದ ಸರಾಸರಿ ಅಂಕ 79ರ ಆಸುಪಾಸಿನಲ್ಲಿದ್ದದ್ದು ಒಂದೇ ವರ್ಷದಲ್ಲಿ 93ಕ್ಕೆ ಏರಿತು.

ಕ್ರಿಕೆಟ್ ಕೂಡ ಇದಕ್ಕೆ ಹೊರತಲ್ಲ. 2023ರ ನವೆಂಬರ್ 6ರಂದು ದೆಹಲಿಯ ವಿಶ್ವಕಪ್ ಪಂದ್ಯದಲ್ಲಿ ಹೆಲ್ಮೆಟ್ ಪಟ್ಟಿ ಕಿತ್ತುಹೋಗಿ ತಡವಾದ ಶ್ರೀಲಂಕಾದ ಏಂಜೆಲೊ ಮ್ಯಾಥ್ಯೂಸ್ ಒಂದೂ ಚೆಂಡು ಎದುರಿಸದೆ ‘ಟೈಮ್ಡ್ ಔಟ್’ ಆದರು. ಅಂತರರಾಷ್ಟ್ರೀಯ ಕ್ರಿಕೆಟ್‌ನಲ್ಲಿ ಹಾಗೆ ಔಟಾದವರಲ್ಲಿ ಅವರೇ ಮೊದಲಿಗರು.

ನಿಧಾನದ ಪರ ವಕಾಲತ್ತು

ಹಾಗೆಂದು ನಿಧಾನಿಗಳ ಪರ ವಾದವೇ ಇಲ್ಲವೆಂದಲ್ಲ. ಪೂಲ್‌ನ ದಾಯಾದಿ ಸ್ನೂಕರ್‌ನಲ್ಲಿ 2005ರ ವಿಶ್ವ ಚಾಂಪಿಯನ್‌ಷಿಪ್ ಕ್ವಾರ್ಟರ್ ಫೈನಲ್ ಇಂದಿಗೂ ಚರ್ಚೆಯ ವಸ್ತು. ಮಿಂಚಿನ ಆಟಗಾರ ರಾನಿ ಓ’ಸಲಿವನ್ ಎದುರು ಪೀಟರ್ ಎಬ್ಡನ್ 2-8ರಿಂದ ಹಿಂದಿದ್ದರು. ಒಂದು ಸಲ ಬರೀ 12 ಅಂಕ ಗಳಿಸಲು ಅವರು ಐದು ನಿಮಿಷಕ್ಕೂ ಹೆಚ್ಚು ತೆಗೆದುಕೊಂಡರು. 1997ರಲ್ಲಿ ಇದೇ ಓ’ಸಲಿವನ್ ಪೂರ್ತಿ 147 ಅಂಕ ಗಳಿಸಿದ್ದು ಹೆಚ್ಚುಕಡಿಮೆ ಅಷ್ಟೇ ಹೊತ್ತಿನಲ್ಲಿ! ಓ’ಸಲಿವನ್ ಲಯ ತಪ್ಪಿತು. ಎಬ್ಡನ್ 13-11ರಿಂದ ಗೆದ್ದರು. ಅದು ಛಲದ ಗೆಲುವೆಂದು ಹೊಗಳಿದವರೂ ಇದ್ದಾರೆ, ಆಟದ ಸೊಬಗಿಗೆ ಕೇಡೆಂದು ಹಳಿದವರೂ ಇದ್ದಾರೆ. ಸೋಲುತ್ತಿರುವವನು ಉಸಿರು ತಿರುಗಿಸಿಕೊಳ್ಳಲು ಆಟದ ವೇಗ ಇಳಿಸುವುದು ಸಹಜವೇ ಅಲ್ಲವೇ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ.

ನೈನ್‌ಬಾಲ್‌ನಲ್ಲೂ ಕಾಯುವುದಕ್ಕೆ ಯೋಗ್ಯವಾದ ಗಳಿಗೆಗಳಿವೆ. ಫಿಲಿಪ್ಪೀನ್ಸ್‌ನ ಎಫ್ರೆನ್ ರೇಯೆಸ್ ಅವರನ್ನು ‘ಮಾಂತ್ರಿಕ’ ಎಂದು ಕರೆಯುತ್ತಾರೆ. 1999ರಲ್ಲಿ ವೇಲ್ಸ್‌ನ ಕಾರ್ಡಿಫ್‌ನಲ್ಲಿ ವಿಶ್ವ ಪ್ರಶಸ್ತಿ ಗೆದ್ದವರು. 1995ರಲ್ಲಿ ರೀನೋ ನಗರದ ಪಂದ್ಯವೊಂದರಲ್ಲಿ ಸ್ಟ್ರಿಕ್ಲೆಂಡ್ ಅವರನ್ನು ಮರೆಯಲ್ಲಿ ಸಿಕ್ಕಿಸಿದ್ದರು. ರೇಯೆಸ್ ಬಿಳಿ ಚೆಂಡನ್ನು ಎರಡು ಕುಶನ್‌ಗಳಿಗೆ ಅಪ್ಪಳಿಸಿ, ಅಂಕುಡೊಂಕಾದ ದಾರಿಯಲ್ಲಿ ಸಾಗಿಸಿ, ಕಾಣದ ಚೆಂಡನ್ನು ಪಾಕೆಟ್‌ಗೆ ಬೀಳಿಸಿದರು. ಅಂಥ ಹೊಡೆತಕ್ಕೆ ಮುನ್ನ ಆಟಗಾರ ಒಂದು ನಿಮಿಷ ಮೇಜನ್ನು ದಿಟ್ಟಿಸಿದರೂ ಯಾರೂ ಗೊಣಗುವುದಿಲ್ಲ. ಆ ಮೌನದಲ್ಲೂ ಆಟ ಇದೆ. ಗೊಣಗಾಟ ಬರುವುದು ಎರಡಡಿ ದೂರದ ನೇರ ಚೆಂಡಿಗೂ ಅದೇ ಒಂದು ನಿಮಿಷ ತೆಗೆದುಕೊಂಡಾಗ.

ಗಡಿಯಾರದ ಜೊತೆಗೆ ಒಂದು ಹೆಚ್ಚುವರಿ ಅವಕಾಶ ಇಟ್ಟಿರುವುದರ ಅರ್ಥ ಇದೇ. ಎಲ್ಲ ಹೊಡೆತಕ್ಕೂ ಒಂದೇ ತೂಕ ಇಲ್ಲ. ಕಷ್ಟದ್ದಕ್ಕೆ ಹೆಚ್ಚು ಹೊತ್ತು, ಸುಲಭದ್ದಕ್ಕೆ ಕಡಿಮೆ ಹೊತ್ತು ಎಂದು ಹಂಚಿಕೊಳ್ಳುವ ವಿವೇಕವನ್ನು ಗಡಿಯಾರ ಕೇಳುತ್ತದೆಯೇ ಹೊರತು ಯೋಚಿಸಬೇಡ ಎನ್ನುವುದಿಲ್ಲ.

ನೋಡುಗರಿಲ್ಲದ ದಾಖಲೆ

ನೋಡುವವರ ತಾಳ್ಮೆ ಮೀರಿದರೆ ಏನಾಗುತ್ತದೆ ಎಂಬುದಕ್ಕೆ ಬಿಲಿಯರ್ಡ್ಸ್ ಇತಿಹಾಸದಲ್ಲೊಂದು ಉದಾಹರಣೆ ಇದೆ. 1907ರಲ್ಲಿ ಇಂಗ್ಲೆಂಡಿನ ಟಾಮ್ ರೀಸ್ ಒಂದೇ ಬಗೆಯ ಹೊಡೆತವನ್ನು ಮತ್ತೆ ಮತ್ತೆ ಹೊಡೆಯುತ್ತಾ ಐದು ವಾರಗಳಲ್ಲಿ 4,99,135 ಅಂಕ ಕೂಡಿಹಾಕಿದರು! ಪಾಪ, ಎದುರಾಳಿ ಕುರ್ಚಿಯಲ್ಲೇ ಇದ್ದರು. ಆದರೆ ಅದು ಅಧಿಕೃತ ದಾಖಲೆ ಎನ್ನಿಸಲಿಲ್ಲ. ಕಾರಣ, ಪತ್ರಕರ್ತರೂ ಪ್ರೇಕ್ಷಕರೂ ಉದ್ದಕ್ಕೂ ಹಾಜರಿರಲಿಲ್ಲ. ಅದೇ ವರ್ಷ ಆ ಹೊಡೆತಕ್ಕೆ ನಿಷೇಧ ಬಂತು.

ಅದೇ ಬಿಲಿಯರ್ಡ್ಸ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ಎರಡು ಬಗೆಯಲ್ಲಿ ನಡೆಯುವ ಪದ್ಧತಿ ಬಂತು: ನಿಗದಿತ ಅಂಕವನ್ನು ಮೊದಲು ಮುಟ್ಟುವುದು ಒಂದು, ನಿಗದಿತ ಹೊತ್ತಿನಲ್ಲಿ ಹೆಚ್ಚು ಅಂಕ ಗಳಿಸುವುದು ಇನ್ನೊಂದು. ಬೆಂಗಳೂರಿನಲ್ಲಿ ಬೆಳೆದ ಪಂಕಜ್ ಅಡ್ವಾಣಿ 2005ರಲ್ಲಿ ಮಾಲ್ಟಾದಲ್ಲಿ ಎರಡೂ ಪ್ರಶಸ್ತಿ ಗೆದ್ದರು. 2008ರಲ್ಲಿ ಬೆಂಗಳೂರಿನಲ್ಲೇ ಆ ಸಾಧನೆಯನ್ನು ಮತ್ತೊಮ್ಮೆ ಮಾಡಿ ತೋರಿಸಿದರು. ಗಡಿಯಾರ ಇದ್ದರೂ ಇಲ್ಲದಿದ್ದರೂ ವಿದ್ಯೆ ವಿದ್ಯೆಯೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಕುರ್ಚಿಯಲ್ಲೇ ಅರ್ಧ ಆಟ

ಮುಂದೊಮ್ಮೆ ನೈನ್‌ಬಾಲ್ ಪಂದ್ಯ ನೋಡುವ ಅವಕಾಶ ಸಿಕ್ಕರೆ ಹೊಡೆಯುವವನನ್ನು ಮಾತ್ರವಲ್ಲ, ಕೂತವನನ್ನೂ ಗಮನಿಸಬೇಕು. ಒಳ್ಳೆಯ ಆಟಗಾರ ಕುರ್ಚಿಯಲ್ಲಿ ಸುಮ್ಮನೆ ಕೂತಿರುವುದಿಲ್ಲ. ಯಾವ ಚೆಂಡು ಎಲ್ಲಿದೆ, ಎಡವಟ್ಟಾಗಿರುವುದು ಯಾವುದು, ಎದುರಾಳಿ ತಪ್ಪಿದರೆ ಎಲ್ಲಿಂದ ಆರಂಭಿಸಬೇಕು ಎಂದು ಲೆಕ್ಕ ಹಾಕುತ್ತಿರುತ್ತಾನೆ. ಅಂಥವನು ಮೇಜಿಗೆ ಬಂದಾಗ ಯೋಚನೆ ಅರ್ಧ ಮುಗಿದಿರುತ್ತದೆ. ಮೂವತ್ತು ಸೆಕೆಂಡು ಅವನಿಗೆ ಕಡಿಮೆಯಲ್ಲ, ಹೆಚ್ಚು. ತೈವಾನ್‌ನ ವು ಚಿಯಾ-ಚಿಂಗ್ 2005ರಲ್ಲಿ ನೈನ್‌ಬಾಲ್ ವಿಶ್ವ ಚಾಂಪಿಯನ್ ಆದಾಗ ವಯಸ್ಸು 16, ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮುಗಿಸುವ ಪ್ರಾಯ! ಹದಿಹರೆಯದವರಿಗೆ ಅಂಥ ಏಕಾಗ್ರತೆ ಅಸಾಧ್ಯವೇನೂ ಅಲ್ಲ.

ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಓದಿಕೊಳ್ಳಲೆಂದೇ 15 ನಿಮಿಷ ಕೊಡುವ ಪದ್ಧತಿ ಇರುವುದೂ ಇದೇ ಕಾರಣಕ್ಕೆ. ಆ ಹದಿನೈದು ನಿಮಿಷವೇ ವಿದ್ಯಾರ್ಥಿಯ ಕುರ್ಚಿ. ಯಾವ ಪ್ರಶ್ನೆ ಮೊದಲು, ಯಾವುದಕ್ಕೆ ಎಷ್ಟು ಹೊತ್ತು ಎಂದು ಅಲ್ಲೇ ನಿರ್ಧರಿಸಿದವರಿಗೆ ಮುಂದಿನ ಮೂರು ಗಂಟೆ ಸಾಕು. ಎರಡು ಅಂಕದ ಪ್ರಶ್ನೆಯ ಮುಂದೆ ಎದ್ದು ಬಾಗಿ, ಎದ್ದು ಬಾಗಿ ಕಾಲ ಕಳೆದವರಿಗೆ ಆರು ಗಂಟೆ ಕೊಟ್ಟರೂ ಸಾಲದು.

ನಿಧಾನವೇ ಪ್ರಧಾನ ಎಂಬ ಹಿರಿಯರ ಮಾತು ಸುಳ್ಳಲ್ಲ. ಆದರೆ ಆ ನಿಧಾನ ಯಾರ ಖರ್ಚಿನಲ್ಲಿ ಎಂದೂ ಕೇಳಿಕೊಳ್ಳಬೇಕಾಗುತ್ತದೆ. ಮೇಜಿನ ಬಳಿ ಕಳೆಯುವ ಪ್ರತಿ ಸೆಕೆಂಡೂ ಹೊಡೆಯುವವನೊಬ್ಬನದೇ ಅಲ್ಲ. ಮೂಲೆಯ ಕುರ್ಚಿಯಲ್ಲಿ ಕೂತವನದು, ಹೊರಗೆ ಸರದಿಗಾಗಿ ನಿಂತವರದು, ಟಿಕೆಟ್ ಕೊಂಡು ಬಂದವರದು ಕೂಡ ಹೌದು.